ಮುಟ್ಟಿದಾಗಷ್ಟೇ ಹುಟ್ಟುವ ಲೆಕ್ಕ

ಪ್ರೌಢಶಾಲೆಯೊಂದರ ಮುಖ್ಯೋಪಾಧ್ಯಾಯರು ಪತ್ರ ಬರೆದು ಕೇಳಿದ್ದಾರೆ: ‘ಎಸ್ಸೆಸ್ಸೆಲ್ಸಿ ಫಲಿತಾಂಶದ ಡ್ಯಾಶ್‌ಬೋರ್ಡ್ ಒಂದನ್ನು ನೋಡಿದೆ. ಒಂದು ಜಿಲ್ಲೆಯ ಕಂಬವನ್ನು ಒತ್ತಿದರೆ ಸಾಕು, ಪಕ್ಕದ ನಕ್ಷೆ, ಪಟ್ಟಿ, ಶೇಕಡಾವಾರು ಎಲ್ಲವೂ ಆ ಜಿಲ್ಲೆಯದಾಗಿಬಿಡುತ್ತವೆ. ಇಷ್ಟೊಂದು ಚಿತ್ರಗಳನ್ನು ಮೊದಲೇ ಬರೆದಿಟ್ಟಿರುತ್ತಾರೆಯೇ?’

ಇಲ್ಲ ಸಾರ್, ಒಂದನ್ನೂ ಬರೆದಿಟ್ಟಿರುವುದಿಲ್ಲ. ನೀವು ಒತ್ತಿದ ಮೇಲೆಯೇ ಲೆಕ್ಕ ಶುರುವಾಗುವುದು! ಒಂದು ಚಿತ್ರದಲ್ಲಿ ಆರಿಸಿದ್ದು ಉಳಿದ ಚಿತ್ರಗಳಲ್ಲೂ ಬೆಳಗುವ ಉಪಾಯವನ್ನು ಅಮೆರಿಕದ ಬೆಲ್ ಪ್ರಯೋಗಾಲಯದ ರಿಚರ್ಡ್ ಬೆಕರ್ ಮತ್ತು ವಿಲಿಯಂ ಕ್ಲೀವ್‌ಲ್ಯಾಂಡ್ 1987ರಲ್ಲೇ ವಿವರಿಸಿದ್ದರು. ಆಗ ಅದು ಸಂಖ್ಯಾಶಾಸ್ತ್ರಜ್ಞರ ಸೊತ್ತು. ಈಗ ಇಂಥ ಡ್ಯಾಶ್‌ಬೋರ್ಡ್ ಕಟ್ಟಿಕೊಡುವ ತಂತ್ರಾಂಶವಾದ ಪವರ್ ಬಿಐ ಡೆಸ್ಕ್‌ಟಾಪನ್ನು ಯಾರು ಬೇಕಾದರೂ ವಿಂಡೋಸ್ ಕಂಪ್ಯೂಟರಿಗೆ ಉಚಿತವಾಗಿ ಇಳಿಸಿಕೊಳ್ಳಬಹುದು.

ಸರಳ ಡ್ಯಾಶ್‌ಬೋರ್ಡ್ ಕಟ್ಟುವುದು ದೊಡ್ಡ ವಿದ್ಯೆಯಲ್ಲ. ಎಕ್ಸೆಲ್ ಹಾಳೆಯನ್ನು ಒಳಗೆ ತಂದು, ಪವರ್ ಬಿಐಯಲ್ಲೇ ಇರುವ ಪವರ್ ಕ್ವೆರಿ ಎಂಬ ಉಪಕರಣದಲ್ಲಿ ಶುಚಿ ಮಾಡಿ, ಒಂದೆರಡು ಬಾರ್ ಚಾರ್ಟ್‌, ಜಿಲ್ಲೆ ಆರಿಸಲು ಒಂದು ಸ್ಲೈಸರ್ ಎಳೆದು ಕೂರಿಸಿದರೆ ಆಯಿತು. ಶುಚಿ ಮಾಡುವಾಗ ಮಾತ್ರ ಅವಸರ ಬೇಡ. ಒಂದು ಸಾಲಿನಲ್ಲಿ ಬೆಳಗಾವಿ, ಇನ್ನೊಂದರಲ್ಲಿ ಬೆಳಗಾಂ ಎಂದಿದ್ದರೆ ಪರದೆಯ ಮೇಲೆ ಎರಡು ಜಿಲ್ಲೆಗಳು ಹುಟ್ಟಿಕೊಳ್ಳುತ್ತವೆ.

ನನಗೆ ನಿಜವಾದ ಬೆರಗು ಇರುವುದು ಪವರ್ ಬಿಐಯ ಹೊಟ್ಟೆಯೊಳಗಿನ ವರ್ಟಿಪ್ಯಾಕ್ ಎಂಬ ಎಂಜಿನ್ನಿನಲ್ಲಿ. ಸುಮಾರು 8 ಲಕ್ಷ ಮಕ್ಕಳು, ತಲಾ 6 ವಿಷಯ ಎಂದರೆ 48 ಲಕ್ಷ ಸಾಲುಗಳಾದವು. ವರ್ಟಿಪ್ಯಾಕ್ ಇವನ್ನು ಸಾಲುಗಳಾಗಿ ಇಟ್ಟುಕೊಳ್ಳುವುದೇ ಇಲ್ಲ. ಒಂದೊಂದು ಕಾಲಂ ಅನ್ನೂ ಬಿಡಿಸಿ ಬೇರೆಬೇರೆಯಾಗಿ ಮೆಮೊರಿಯಲ್ಲಿ ಇಡುತ್ತದೆ. ಜಿಲ್ಲಾವಾರು ಲೆಕ್ಕ ಕೇಳಿದಾಗ ವಿದ್ಯಾರ್ಥಿಗಳ ಹೆಸರು, ಹುಟ್ಟಿದ ತಾರೀಕುಗಳ ತಂಟೆಗೇ ಹೋಗುವುದಿಲ್ಲ.

ಜೊತೆಗೆ, ಹಾಜರಿ ಕರೆಯುವ ಮೇಷ್ಟ್ರು ಪೂರ್ತಿ ಹೆಸರಿನ ಬದಲು ರೋಲ್ ನಂಬರ್ ಕೂಗುವಂತೆ, ಅದು ಪ್ರತಿ ಜಿಲ್ಲೆಗೂ ಒಂದು ಸಂಖ್ಯೆ ಕೊಡುತ್ತದೆ. ‘ಚಿಕ್ಕಬಳ್ಳಾಪುರ’ ಎಂಬ ಹೆಸರಿನಲ್ಲಿ 13 ಯೂನಿಕೋಡ್ ಸಂಕೇತಗಳಿವೆ. ಯುಟಿಎಫ್-8 ಪದ್ಧತಿಯಲ್ಲಿ ತಲಾ 3 ಬೈಟ್‌ನಂತೆ 39 ಬೈಟ್, ಅಂದರೆ 312 ಬಿಟ್. ನಮ್ಮ ರಾಜ್ಯದಲ್ಲಿರುವುದು 31 ಜಿಲ್ಲೆ. 5 ಬಿಟ್‌ಗಳಲ್ಲಿ 32 ಬೇರೆಬೇರೆ ಸಂಖ್ಯೆ ಬರೆಯಬಹುದು. 312 ಬಿಟ್ ಜಾಗದಲ್ಲಿ ಬರೀ 5! ಒಂದೇ ಜಿಲ್ಲೆ ಸಾವಿರಾರು ಸಾಲು ಸತತವಾಗಿ ಬಂದರೆ ಅದನ್ನೂ ಹಾಗೇ ಬರೆಯುವುದಿಲ್ಲ. ‘ಈ ಸಂಖ್ಯೆ, ಇಷ್ಟು ಸಲ’ ಎಂಬ ಒಂದೇ ನಮೂದು ಸಾಕು. ಹೀಗೆ ಅಡಕವಾಗಿ ತುಂಬಿಟ್ಟಿರುವುದರಿಂದ, ಒತ್ತಿದ ಮೇಲೆ ಎಣಿಸುವ ಕೆಲಸ ಬಹಳ ಹಗುರಾಗುತ್ತದೆ. ಹಾಗಾಗಿಯೇ ನಿಮ್ಮ ಬೆರಳು ಎದ್ದೇಳುವಷ್ಟರಲ್ಲಿ ಉತ್ತರ ಸಿದ್ಧ.

ಇಷ್ಟು ಜಾಣತನ ಕಂಡು ‘ಪರದೆ ಹೇಳಿದ ಮೇಲೆ ಮುಗಿಯಿತು’ ಎಂದು ಕೈಮುಗಿಯುವವರಿದ್ದಾರೆ. ಇದು ಶುದ್ಧ ಮೂಢನಂಬಿಕೆ. ಒಂದು ಶಾಲೆಯಲ್ಲಿ 10 ಮಕ್ಕಳು ಪರೀಕ್ಷೆ ಬರೆದು 10 ಮಂದಿಯೂ ಪಾಸಾದರು ಎನ್ನಿ. ಇನ್ನೊಂದರಲ್ಲಿ 90 ಮಕ್ಕಳಲ್ಲಿ 45 ಮಂದಿ ಪಾಸು. ಮೊದಲನೆಯದು ಶೇ 100, ಎರಡನೆಯದು ಶೇ 50. ನಿಮ್ಮ ಹಾಳೆಯಲ್ಲಿ ಶಾಲಾವಾರು ಶೇಕಡಾವಾರು ಮಾತ್ರ ಇದ್ದು, ಅದರ ಸರಾಸರಿ ಕೇಳಿದರೆ ಎಂಜಿನ್ ವಿಧೇಯವಾಗಿ ಶೇ 75 ಎನ್ನುತ್ತದೆ. ನಿಜದಲ್ಲಿ 100 ಮಕ್ಕಳಲ್ಲಿ ಪಾಸಾದವರು 55. ಶಾಲೆಗಳ ಗಾತ್ರವನ್ನೇ ಮರೆತ ಆ 75, ಎಷ್ಟು ವೇಗವಾಗಿ ಬಂದರೂ ಸುಳ್ಳೇ. ಅದನ್ನು ನಂಬಿ ಕೂತರೆ, ಪಾಸಾಗದೆ ಉಳಿದ, ಕೈಹಿಡಿದು ನಡೆಸಬೇಕಾದ 45 ಮಕ್ಕಳಲ್ಲಿ 20 ಮಂದಿ ಲೆಕ್ಕಕ್ಕೇ ಸಿಗುವುದಿಲ್ಲ.

ಮದ್ದು ಸುಲಭ. ಶೇಕಡಾವಾರನ್ನು ಹಾಳೆಯಲ್ಲಿ ತುಂಬಿಡಬೇಡಿ. ಪಾಸಾದವರ ಮೊತ್ತವನ್ನು ಪರೀಕ್ಷೆ ಬರೆದವರ ಮೊತ್ತದಿಂದ ಭಾಗಿಸುವ ಸೂತ್ರವನ್ನು ‘ಮೆಷರ್’ ಆಗಿ ಬರೆಯಿರಿ. ರಾಜ್ಯ, ಜಿಲ್ಲೆ, ಶಾಲೆ ಯಾವುದನ್ನು ಒತ್ತಿದರೂ ಆ ಗುಂಪಿಗೆ ಭಾಗಾಕಾರ ಹೊಸದಾಗಿ ನಡೆಯುತ್ತದೆ. ಹಾಗೆಯೇ ಪ್ರತಿ ಶೇಕಡಾವಾರಿನ ಪಕ್ಕದಲ್ಲೂ ಎಷ್ಟು ಮಕ್ಕಳಲ್ಲಿ ಎಷ್ಟು ಮಂದಿ ಪಾಸಾದ ಲೆಕ್ಕ ಅದು ಎಂಬ ಸಂಖ್ಯೆಗಳನ್ನು ತಪ್ಪದೆ ತೋರಿಸಿ. ಆಗ ಹಳ್ಳಿಯ ಪಾಲಕರೂ ನಿಮ್ಮ ಡ್ಯಾಶ್‌ಬೋರ್ಡನ್ನು ತಾವೇ ಭಾಗಿಸಿ ಪರೀಕ್ಷಿಸಬಲ್ಲರು.