ಮನೆಗೆ ವಿದ್ಯುತ್ ತಂತಿ ಹಾಕಿಸುವವರು ಗಮನಿಸತಕ್ಕ ಸಂಗತಿಗಳು

ಹೊಸ ಮನೆಯನ್ನು ಕಟ್ಟಿಸುವ ಅಥವಾ ಹಿರಿಯರ ಕಾಲದ ಮನೆಯನ್ನು ದುರಸ್ತುಪಡಿಸುವ ಜಮೀನುದಾರರು ಕಲ್ಲು, ಮರ, ಸಿಮೆಂಟುಗಳ ವಿಷಯದಲ್ಲಿ ತೋರುವ ಎಚ್ಚರಿಕೆಯನ್ನು ವಿದ್ಯುತ್ತಿನ ಕೆಲಸದಲ್ಲಿ ತೋರುವುದು ಅಪರೂಪವೆಂದು ಹೇಳಬೇಕಾಗಿದೆ. ತೊಲೆ ಸೊಟ್ಟಗಿದ್ದರೆ ಕಣ್ಣಿಗೆ ಕಾಣುತ್ತದೆ. ಗೋಡೆಯೊಳಗೆ ಹುದುಗಿದ ತಂತಿಯ ದೋಷವು ಯಾರಿಗಾದರೂ ಆಘಾತ ತಗಲುವವರೆಗೆ ಕಾಣುವುದಿಲ್ಲ. ಆದರೂ ಗಾರೆ ಮೇಸ್ತ್ರಿಯು ಕರೆತಂದ ಹುಡುಗನಿಗೋ, ಪಂಪುಸೆಟ್ಟಿನ ಮೋಟಾರು ರಿಪೇರಿ ಮಾಡುವವನಿಗೋ ಈ ಕೆಲಸವನ್ನು ಒಪ್ಪಿಸಿಬಿಡುವ ರೂಢಿಯು ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಗ್ರಾಮಗಳಲ್ಲಿ ಇನ್ನೂ ಉಂಟು.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿಯೂ, ಅವುಗಳ ಸ್ಥಾನದಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರವು 2010ರಲ್ಲಿ ಹೊರಡಿಸಿ 2023ರಲ್ಲಿ ಹೊಸದಾಗಿ ರಚಿಸಿದ ಸುರಕ್ಷತಾ ನಿಬಂಧನೆಗಳಲ್ಲಿಯೂ ಹೇಳಿರುವುದೇನೆಂದರೆ, ಮನೆಗೆ ತಂತಿ ಹಾಕುವ ಕೆಲಸವನ್ನು ಪರವಾನಗಿ ಪಡೆದ ಕಂಟ್ರಾಕ್ಟರನೇ ವಹಿಸಿಕೊಳ್ಳತಕ್ಕದ್ದು. ಅರ್ಹತಾಪತ್ರವುಳ್ಳ ಸೂಪರ್‌ವೈಸರನು ಮೇಲ್ವಿಚಾರಣೆ ಮಾಡತಕ್ಕದ್ದು. ಪರ್ಮಿಟ್ಟು ಹೊಂದಿದ ವೈರ್‌ಮನ್ ಕೈಯಿಂದ ನಡೆಯತಕ್ಕದ್ದು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚುಗಳನ್ನು ಬದಲಾಯಿಸುವಂತಹ ಸಣ್ಣ ಕೆಲಸಗಳಿಗೆ ಮಾತ್ರ ವಿನಾಯಿತಿಯಿದೆ. ಐ.ಟಿ.ಐ. ಪ್ರಮಾಣಪತ್ರವು ವಿದ್ಯಾರ್ಹತೆಯನ್ನು ತೋರಿಸುತ್ತದೆಯೇ ಹೊರತು ಪರವಾನಗಿಯಾಗುವುದಿಲ್ಲ. ಊರಿನ ಲೈನ್‌ಮನ್ ಎಷ್ಟೇ ಪರಿಚಿತನಾಗಿದ್ದರೂ ಅವನ ಇಲಾಖೆಯ ಹೊಣೆ ಮೀಟರಿನವರೆಗೆ; ಅದರ ಒಳಗಿನದೆಲ್ಲ ಮನೆಯ ಯಜಮಾನರದು.

ಈ ಪರವಾನಗಿಯನ್ನು ಕೊಡುವುದು ರಾಜ್ಯ ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯ. ಚನ್ನಗಿರಿ, ಹೊನ್ನಾಳಿಗಳು 1997ರವರೆಗೆ ಶಿವಮೊಗ್ಗ ಜಿಲ್ಲೆಗೂ, ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದವು. ನ್ಯಾಮತಿಯು ಹೊನ್ನಾಳಿಯಿಂದ ಈಚೆಗೆ ಬೇರ್ಪಟ್ಟ ತಾಲ್ಲೂಕು. ಆದ್ದರಿಂದ ಹಳೆಯ ಬಳಕೆಯಂತೆ ಶಿವಮೊಗ್ಗದಿಂದಲೋ ದುರ್ಗದಿಂದಲೋ ಕೆಲಸಗಾರರನ್ನು ಕರೆಸುವವರು ಅನೇಕರಿದ್ದಾರೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಮಳೆಗಾಲದ ರಾತ್ರಿ ತೊಂದರೆ ಉಂಟಾದಾಗ ಬರಬಲ್ಲವನು ಹತ್ತಿರದವನೇ. ಈ ನಾಲ್ಕು ತಾಲ್ಲೂಕುಗಳಿಗೂ ಬೆಳಕು ಸರಬರಾಜು ಮಾಡುವುದು ಬೆಸ್ಕಾಂ. ತಾಲ್ಲೂಕಿನ ಬೆಸ್ಕಾಂ ಕಚೇರಿಗೆ ಹೋಗಿ, ಈಚೆಗೆ ಹೊಸ ಸಂಪರ್ಕಗಳಿಗೆ ವರದಿ ಸಲ್ಲಿಸಿದ ಕಂಟ್ರಾಕ್ಟರರು ಯಾರೆಂದು ವಿಚಾರಿಸುವುದು ಸುಲಭವಾದ ಮಾರ್ಗ. ಕಂಟ್ರಾಕ್ಟರನ ಪರವಾನಗಿಯ ಮೂಲಪ್ರತಿಯನ್ನು ನೋಡಿ, ಅವಧಿ ಮುಗಿದಿದೆಯೇ ಎಂಬುದನ್ನು ಓದಿಕೊಳ್ಳಬೇಕು. ಒಬ್ಬನ ಪರವಾನಗಿಯ ಹೆಸರಿನಲ್ಲಿ ಮತ್ತೊಬ್ಬನು ಕೆಲಸ ಮಾಡಿ, ಕಡೆಗೆ ವರದಿಗೆ ಮಾತ್ರ ಸಹಿ ತರಿಸುವ ಪದ್ಧತಿಯೂ ಇರುವುದರಿಂದ, ಸ್ಥಳಕ್ಕೆ ಬರುವ ವೈರ್‌ಮನ್‌ನ ಪರ್ಮಿಟ್ಟನ್ನೂ ಕೇಳಲು ಸಂಕೋಚಪಡಬೇಕಾಗಿಲ್ಲ. ಯೋಗ್ಯನಾದವನು ಇದರಿಂದ ಅಸಮಾಧಾನಗೊಳ್ಳನು.

ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚಿನ ಗಮನಕ್ಕೆ ಪಾತ್ರವಾದುದು ಅರ್ಥಿಂಗ್, ಅಂದರೆ ಸೋರಿದ ವಿದ್ಯುತ್ತನ್ನು ಭೂಮಿಗೆ ಇಳಿಸುವ ಏರ್ಪಾಡು. ಅರೆಕಲಿತವನು ಗುಂಡಿ ತೋಡುವ ಶ್ರಮವನ್ನು ಉಳಿಸಲು ನ್ಯೂಟ್ರಲ್ ತಂತಿಯನ್ನೇ ಅರ್ಥಿಗೆ ಜೋಡಿಸಿಬಿಡುತ್ತಾನೆ. ದೀಪಗಳು ಉರಿಯುತ್ತವೆ, ಮಿಕ್ಸಿ ತಿರುಗುತ್ತದೆ, ಯಜಮಾನರು ತೃಪ್ತರಾಗುತ್ತಾರೆ. ಒಂದು ದಿನ ಗಾಳಿಗೆ ನ್ಯೂಟ್ರಲ್ ತಂತಿ ತುಂಡಾದಲ್ಲಿ, ಮನೆಯೊಳಗಿನ ಪ್ರತಿಯೊಂದು ಲೋಹದ ಪೆಟ್ಟಿಗೆಯೂ ಹಠಾತ್ತಾಗಿ ವಿದ್ಯುತ್ತಿನಿಂದ ತುಂಬಿಹೋಗುತ್ತದೆ. ಚನ್ನಗಿರಿಯ ಕಡೆ ಅಡಿಕೆ ಬೇಯಿಸುವ, ಸುಲಿಯುವ ಕೊಟ್ಟಿಗೆಗಳಲ್ಲಿ ನೆಲವೂ ಕೈಯೂ ಸದಾ ಒದ್ದೆಯಾಗಿರುವುದರಿಂದ ಅಪಾಯವು ಇಮ್ಮಡಿ. ದನದ ಕೊಟ್ಟಿಗೆಯಲ್ಲಿಯಂತೂ ಮನುಷ್ಯನಿಗಿಂತ ಮೊದಲು ಸಾಯುವುದು ಎತ್ತು, ಎಮ್ಮೆಗಳೇ. ಅವುಗಳ ಮುಂಗಾಲು ಹಿಂಗಾಲುಗಳ ಅಂತರವು ಹೆಚ್ಚಾದ್ದರಿಂದ ನೆಲದಲ್ಲಿ ಹರಡಿದ ವಿದ್ಯುತ್ತು ಅವುಗಳ ದೇಹದ ಮೂಲಕ ಸುಲಭವಾಗಿ ಹಾಯುತ್ತದೆ.

ಜಗಳೂರಿನ ಸಮಸ್ಯೆ ಬೇರೆಯದು. ಮಳೆ ಕಡಮೆಯಾದ ಆ ಸೀಮೆಯಲ್ಲಿ ಬೇಸಗೆಯ ಹೊತ್ತಿಗೆ ನೆಲವು ಒಣಗಿ, ಅದೇ ಅರ್ಥ್ ಗುಂಡಿಯು ಮಳೆಗಾಲದಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ. ಆದ್ದರಿಂದ ಕೊಳವೆಯನ್ನು ಕನಿಷ್ಠ 2.5 ಮೀಟರು ಆಳಕ್ಕೆ ಇಳಿಸಿ, ಇದ್ದಿಲು ಉಪ್ಪುಗಳನ್ನು ತುಂಬಿಸಿ, ನೀರು ಹಾಕಲು ಬಾಯಿ ಬಿಡಿಸಿ, ಬೇಸಗೆಯಲ್ಲಿ ಆಗಾಗ್ಗೆ ಒಂದೆರಡು ಕೊಡ ನೀರು ಸುರಿಯಬೇಕು. ಬಚ್ಚಲಿನ ನೀರು ಹರಿಯುವ ಕಡೆ ಗುಂಡಿ ತೋಡಿಸಿದರೆ ಈ ಶ್ರಮವೂ ಉಳಿಯುತ್ತದೆ.

ಇದರೊಂದಿಗೆ ಸೋರಿಕೆಯನ್ನು ಕಂಡೊಡನೆ ಸಂಪರ್ಕವನ್ನು ಕಡಿದುಹಾಕುವ, 30 ಮಿಲಿ ಆಂಪಿಯರಿನ ರಕ್ಷಕ ಸ್ವಿಚ್ಚನ್ನು ಹಾಕಿಸತಕ್ಕದ್ದು. ಎಂ.ಸಿ.ಬಿ. ಇದೆಯಲ್ಲಾ ಎಂದು ಕೆಲವರು ಸಮಾಧಾನ ಹೇಳುವರು. ಅದು ತಂತಿ ಕಾಯ್ದು ಸುಡದಂತೆ ಕಾಪಾಡುತ್ತದೆ. ಮನುಷ್ಯನ ದೇಹದಲ್ಲಿ ಹಾಯುವ ಅಲ್ಪಪ್ರಮಾಣದ ವಿದ್ಯುತ್ತನ್ನು ಗುರುತಿಸಲಾರದು.

ಹೆಂಚಿನ ಮನೆಗಳನ್ನು ದುರಸ್ತುಪಡಿಸುವವರಿಗೆ ಮತ್ತೊಂದು ಮಾತು. ಮರದ ಪಟ್ಟಿಯ ಮೇಲೆ ಎರಡೇ ತಂತಿ ಓಡಿಸಿದ ಹಳೆಯ ಏರ್ಪಾಡು ನಾಲ್ಕು ದೀಪಗಳಿಗಾಗಿ ಆದದ್ದು. ಅದಕ್ಕೆ ಗೀಸರು, ಫ್ರಿಜ್ಜುಗಳನ್ನು ಸೇರಿಸಲಾಗದು. ದೀಪಗಳಿಗೆ 1.5, ಹೆಚ್ಚಿನ ಶಕ್ತಿಯ ಪ್ಲಗ್ಗುಗಳಿಗೆ 2.5, ಗೀಸರಿಗೆ 4 ಚದರ ಮಿಲಿಮೀಟರಿನ ತಾಮ್ರದ ತಂತಿ ಸಾಮಾನ್ಯವಾಗಿ ಸಾಕು. ಮಹಡಿ ಏರಿಸುವಾಗ ಮೇಲೆ ಹಾದುಹೋಗುವ ತಂತಿಯನ್ನು ಮರೆಯಬಾರದು: 11 ಕಿಲೋವೋಲ್ಟಿನ ಲೈನಿಗೂ ಕಟ್ಟಡಕ್ಕೂ ಎತ್ತರದಲ್ಲಿ 3.7 ಮೀಟರು, ಪಕ್ಕದಲ್ಲಿ 1.2 ಮೀಟರು ಅಂತರವಿರಲೇಬೇಕು.

ಕಟ್ಟಡದ ಕೆಲಸಕ್ಕೆಂದು ತೋಟದ ಪಂಪುಸೆಟ್ಟಿನಿಂದ ತಂತಿ ಎಳೆಯುವುದು ಸರ್ವೇಸಾಮಾನ್ಯವಾಗಿದೆ. 2003ರ ವಿದ್ಯುತ್ ಕಾಯಿದೆಯ 126ನೆಯ ಕಲಮಿನಂತೆ ಇದು ಅನಧಿಕೃತ ಬಳಕೆಯಾಗಿದ್ದು, ಎರಡರಷ್ಟು ದರವನ್ನು ತೆರಬೇಕಾಗುತ್ತದೆ. ತಾತ್ಕಾಲಿಕ ಸಂಪರ್ಕಕ್ಕೆ ಅರ್ಜಿ ಕೊಡುವುದೇ ಸರಿಯಾದ ಕ್ರಮ.

ಗೋಡೆಗೆ ಗಾರೆ ಬಳಿಯುವ ಮುನ್ನ ಕೊಳವೆಗಳು ಹಾದುಹೋದ ದಾರಿಯ ಚಿತ್ರಗಳನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಂಡರೆ, ಮುಂದೆ ಮೊಳೆ ಹೊಡೆಯುವಾಗ ಉಪಯೋಗಕ್ಕೆ ಬರುವುದು. ಕೆಲಸ ಮುಗಿದ ಮೇಲೆ ಕಂಟ್ರಾಕ್ಟರನು 500 ವೋಲ್ಟಿನ ಮೆಗ್ಗರ್ ಯಂತ್ರದಿಂದ ತಂತಿಗಳನ್ನು ತಮ್ಮೆದುರಿಗೆ ಪರೀಕ್ಷಿಸಿ, ಕನಿಷ್ಠ 1 ಮೆಗೋಮ್ ತೋರಿಸಿ, ಅರ್ಥಿನ ಅಳತೆಯನ್ನೂ ಬರೆದು, ಪೂರ್ಣಗೊಂಡ ವರದಿಗೆ ರುಜು ಹಾಕಿಕೊಡಬೇಕು. ಬೆಸ್ಕಾಂ ಸಂಪರ್ಕ ನೀಡಲು ಬೇಕಾಗುವುದೂ ಈ ವರದಿಯೇ. ಅದರ ಒಂದು ಪ್ರತಿಯು ಕೈಸೇರುವವರೆಗೆ ಕೂಲಿಯ ಕೊನೆಯ ಕಂತನ್ನು ತಡೆಹಿಡಿಯುವುದಾಗಿ ಕರಾರಿನಲ್ಲಿಯೇ ಬರೆಸಿಕೊಳ್ಳುವುದು ಮೇಲು.