ಜಾಮೀನು: ಹೊಣೆ ಹೊತ್ತವನ ಹೆಸರು ಬಿಡುಗಡೆಯ ಹೆಸರಾದ ಬಗೆ

‘ಆರೋಪಿಗೆ ಜಾಮೀನು ಸಿಕ್ಕಿತು’ ಎಂಬ ಇಂದಿನ ಪತ್ರಿಕಾ ಭಾಷೆಯಲ್ಲಿ ಜಾಮೀನೆಂದರೆ ಬಿಡುಗಡೆ. ಆದರೆ ಈ ಪದದ ಮೂಲವಾದ ಅರಬ್ಬಿಯ ‘ದಾಮಿನ್’ ಸೂಚಿಸುತ್ತಿದ್ದುದು ಬಿಡುಗಡೆಯನ್ನಲ್ಲ, ಇನ್ನೊಬ್ಬರ ಪರವಾಗಿ ಹೊಣೆ ಹೊತ್ತ ವ್ಯಕ್ತಿಯನ್ನು. ಅರಬ್ಬಿಗೆ ವಿಶಿಷ್ಟವಾದ ಆ ಮೊದಲ ವ್ಯಂಜನ ಪಾರಸಿಯಲ್ಲಿ ‘ಜ಼’ ಎಂದಾಗಿ, ದಖ್ಖನಿನ ಪಾರಸಿ ಮತ್ತು ಮರಾಠಿ ಆಡಳಿತದ ಒಡನಾಟದಲ್ಲಿ ಕನ್ನಡಕ್ಕೆ ಬಂದಾಗ ಜಕಾರವಾಗಿ ನೆಲೆನಿಂತಿತು. ಭೂಮಿ ಎಂಬರ್ಥದ ‘ಜಮೀನು’ ಪಾರಸಿಯದೇ ಪದವಾಗಿದ್ದು, ಅದಕ್ಕೂ ಇದಕ್ಕೂ ಹುಟ್ಟಿನ ನಂಟಿಲ್ಲ.

ನಂಟಿಲ್ಲದ ಈ ಎರಡು ಪದಗಳು ನ್ಯಾಯಾಲಯದಲ್ಲಿ ಮಾತ್ರ ಒಂದೆಡೆ ಸೇರುತ್ತವೆ. ಜಾಮೀನು ನಿಲ್ಲಲು ಬಂದ ರೈತ ತನ್ನ ಜಮೀನಿನ ಪಹಣಿಯನ್ನು ಹಾಜರುಪಡಿಸಿ, ಆರೋಪಿ ವಿಚಾರಣೆಗೆ ಬಾರದಿದ್ದರೆ ಗೊತ್ತುಪಡಿಸಿದ ಮೊತ್ತವನ್ನು ತಾನೇ ಕಟ್ಟುವುದಾಗಿ ಮುಚ್ಚಳಿಕೆ ಬರೆದುಕೊಡುತ್ತಾನೆ. ನೋಟಕ್ಕೆ ಕನ್ನಡದ ‘ಮುಚ್ಚು’ ಧಾತುವಿನಿಂದ ಬಂದಂತೆ ತೋರುವ ಈ ‘ಮುಚ್ಚಳಿಕೆ’ಯೂ ತುರ್ಕಿ ಮೂಲದ್ದು.

ಇದೇ ಅರ್ಥಕ್ಕೆ ಕನ್ನಡದಲ್ಲಿ ಮೊದಲಿನಿಂದಲೂ ‘ಹೊಣೆ’ ಇತ್ತು. ಹಳಗನ್ನಡದ ‘ಪೊಣೆ’ ಮತ್ತು ತಮಿಳಿನ ‘ಪುಣೈ’ ಅದರ ದ್ರಾವಿಡ ಮೂಲಕ್ಕೆ ಸಾಕ್ಷಿ. ಇಂಗ್ಲಿಷಿನ ‘ಬೇಲ್’ ಹಳೆಯ ಫ್ರೆಂಚಿನ ‘ಒಪ್ಪಿಸು’ ಎಂಬ ಕ್ರಿಯಾಪದದಿಂದಲೂ, ಅದರ ಹಿಂದಿನ, ಹೊರೆ ಹೊರುವುದನ್ನು ಹೇಳುವ ಲ್ಯಾಟಿನ್ ಪದದಿಂದಲೂ ಬಂದಿದೆ. ಬ್ಯಾಂಕು, ಸಹಕಾರ ಸಂಘಗಳಲ್ಲಿ ಸಾಲಕ್ಕೆ ಸಹಿ ಹಾಕುವವನನ್ನು ಇಂದಿಗೂ ಜಾಮೀನುದಾರನೆಂದೇ ಕರೆಯುವುದರಿಂದ, ಹಳೆಯ ಅರ್ಥ ಅಲ್ಲಿ ಜೀವಂತವಾಗಿದೆ.

ಅರ್ಥದ ಈ ಪಲ್ಲಟ ಕೇವಲ ನಿಘಂಟುಕಾರರ ಕುತೂಹಲವಲ್ಲ, ಏಕೆಂದರೆ ಆದೇಶದಲ್ಲಿ ಜಾಮೀನು ದೊರೆತರೂ ಜಾಮೀನು ನಿಲ್ಲುವವರಿಲ್ಲದ ಬಡವ ಸೆರೆಮನೆಯಲ್ಲೇ ಉಳಿಯುತ್ತಾನೆ. ಮಧ್ಯಪ್ರದೇಶದ ಗಾರೆ ಕೆಲಸಗಾರನೊಬ್ಬನಿಗೆ 10,000 ರೂಪಾಯಿಯ ಜಾಮೀನು ವಿಧಿಸಿ, ಜಾಮೀನು ನಿಲ್ಲಲು ಬಂದ ಸೋದರ ಬೇರೆ ಜಿಲ್ಲೆಯವನೆಂಬ ಕಾರಣಕ್ಕೆ ನಿರಾಕರಿಸಿದ ಪ್ರಕರಣ 1978ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು, ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ‘ಬೇಲ್’ ಪದಕ್ಕೆ ವ್ಯಾಖ್ಯೆಯೇ ಇಲ್ಲದಿರುವುದನ್ನು ಗಮನಿಸಿ, ಜಾಮೀನುದಾರರಿಲ್ಲದೆ ಆರೋಪಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡುವುದೂ ಅದರಲ್ಲಿ ಅಡಕವಾಗಿದೆ ಎಂದು ಅರ್ಥೈಸಿ, ಮೊತ್ತವನ್ನು 1,000 ರೂಪಾಯಿಗೆ ಇಳಿಸಿದರು. ಒಂದು ಪದದ ಅರ್ಥವನ್ನು ಇಷ್ಟು ಮಾನವೀಯವಾಗಿ ಬಿಡಿಸಿದ ತೀರ್ಪುಗಳು ವಿರಳ.

ಆ ಸಂಹಿತೆಗೆ ತಂದ 2005ರ ತಿದ್ದುಪಡಿಯು, ಜಾಮೀನು ನೀಡಬಹುದಾದ ಅಪರಾಧಗಳಲ್ಲಿ ಬಂಧಿತನಾಗಿ ವಾರದೊಳಗೆ ಜಾಮೀನುದಾರರನ್ನು ಒದಗಿಸಲಾಗದವನನ್ನು ನಿರ್ಗತಿಕನೆಂದೇ ಭಾವಿಸಿ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕೆಂದಿತು. ಅದರ ಬದಲಿಗೆ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ‘ಬೇಲ್’ ಪದಕ್ಕೆ ಕೊನೆಗೂ ವ್ಯಾಖ್ಯೆ ಕೊಟ್ಟು, ಜಾಮೀನುದಾರರಿರುವ ಪತ್ರ, ಇಲ್ಲದ ಪತ್ರ ಎರಡನ್ನೂ ಅದರೊಳಗೆ ಸೇರಿಸಿದೆ.