ಕರಿಗೋಟಿಗೆ ಹೊಣೆ ಯಾರು?

ಅಡಿಕೆ ಸುಲಿದು ಹೆಕ್ಕುವ ದಿನ ನಮ್ಮ ಕಡೆಯ ಮನೆಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ. ಒಳ್ಳೆಯ ಚಾಲಿ ಒಂದು ಕಡೆ, ಪಟೋರ ಒಂದು ಕಡೆ, ಕರಿಗೋಟು ಇನ್ನೊಂದು ಕಡೆ ರಾಶಿ ಬೀಳುತ್ತಿದ್ದಂತೆ, "ಈ ಸಲ ಕರಿಗೋಟು ಇಷ್ಟು ಆದದ್ದು ಯಾರಿಂದ?" ಎಂದು ಯಜಮಾನರು ಕೇಳುತ್ತಾರೆ. ಕೊಯ್ದವನ ಮೇಲೋ, ಅಂಗಳದಲ್ಲಿ ಹರವಿದವಳ ಮೇಲೋ, ಶಾಲೆಯಿಂದ ಬಂದು ಅಡಿಕೆ ಮಗುಚಬೇಕಾಗಿದ್ದ ಹುಡುಗನ ಮೇಲೋ ತಪ್ಪು ಬೀಳುತ್ತದೆ. ಬೈಗುಳು ಮುಗಿಯುತ್ತದೆ, ಮುಂದಿನ ವರ್ಷವೂ ಕರಿಗೋಟು ಅಷ್ಟೇ ಆಗುತ್ತದೆ.

ಕಾರ್ಖಾನೆಗಳಲ್ಲಿಯೂ ಇದೇ ಪ್ರಶ್ನೆ ಎದ್ದಿತ್ತು. ಗುಣ ನಿಯಂತ್ರಣವೆಂಬ ಶಾಸ್ತ್ರ ಹುಟ್ಟಿದ್ದೇ ಅದರಿಂದ. ಹಿಂದೆಲ್ಲ ಮಾಲು ತಯಾರಾದ ಮೇಲೆ ಪರೀಕ್ಷಿಸಿ ಕೆಟ್ಟದ್ದನ್ನು ಎಸೆಯುವುದೇ ಕ್ರಮವಾಗಿತ್ತು. ಅಮೆರಿಕದಲ್ಲಿ ಟೆಲಿಫೋನ್ ಉಪಕರಣ ತಯಾರಿಸುತ್ತಿದ್ದ ವೆಸ್ಟರ್ನ್ ಇಲೆಕ್ಟ್ರಿಕ್ ಕಂಪೆನಿಯ ವಾಲ್ಟರ್ ಶೂಹಾರ್ಟ್ ಎಂಬವರು 1924ರ ಮೇ 16ರಂದು ಒಂದು ಚಿಕ್ಕ ಟಿಪ್ಪಣಿ ಬರೆದು ಬೇರೆ ದಾರಿ ತೋರಿಸಿದರು. ಅವರ ಪ್ರಕಾರ ಏರುಪೇರುಗಳಿಗೆ ಕಾರಣಗಳು ಎರಡು ಬಗೆ. ಕೆಲಸದ ರೀತಿಯಲ್ಲಿಯೇ ಬೆರೆತು ದಿನನಿತ್ಯವೂ ಇರುವಂಥವು ಸಾಮಾನ್ಯ ಕಾರಣಗಳು; ಹೊರಗಿನಿಂದ ಎಂದಾದರೊಮ್ಮೆ ಬಂದೆರಗುವಂಥವು ವಿಶೇಷ ಕಾರಣಗಳು. ಇವೆರಡನ್ನೂ ಬೇರ್ಪಡಿಸಿ ತಿಳಿಯದೆ ಮಾಡಿದ ಚಿಕಿತ್ಸೆ ವ್ಯರ್ಥ.

ಶೂಹಾರ್ಟರ ವಿಚಾರವನ್ನು ಮುಂದುವರಿಸಿದ ಎಡ್ವರ್ಡ್ಸ್ ಡೆಮಿಂಗ್ ಇದನ್ನು ಒಂದು ಆಟದ ಮೂಲಕ ಕಲಿಸುತ್ತಿದ್ದರು. ಒಂದು ಪಾತ್ರೆಯಲ್ಲಿ 3200 ಬಿಳಿ ಮಣಿ, 800 ಕೆಂಪು ಮಣಿ. 50 ಕುಳಿಗಳಿರುವ ಹಲಗೆಯನ್ನು ಅದರಲ್ಲಿ ಅದ್ದಿ ತೆಗೆಯುವುದೇ ಕೆಲಸ. ಕೆಂಪು ಮಣಿ ಬರಕೂಡದೆಂದು ಅಪ್ಪಣೆ. ಒಬ್ಬನಿಗೆ ಏಳು ಬಂದರೆ ಹೊಗಳಿಕೆ, ಇನ್ನೊಬ್ಬನಿಗೆ ಹದಿನಾಲ್ಕು ಬಂದರೆ ಗದರಿಕೆ. ಆದರೆ ಪಾತ್ರೆಯೊಳಗೆ ಐದರಲ್ಲೊಂದು ಕೆಂಪು ಇರುವಾಗ ಕೆಲಸದವನು ಮಾಡುವುದಾದರೂ ಏನು? ಪಾತ್ರೆ ಯಜಮಾನನದು.

ಈ ಲೆಕ್ಕವನ್ನು ನಮ್ಮ ಅಂಗಳಕ್ಕೂ ತರಬಹುದು. ಪ್ರತಿ ಸಲ ಸುಲಿದಾಗ ರಾಶಿಯನ್ನು ಚೆನ್ನಾಗಿ ಬೆರೆಸಿ 100 ಅಡಿಕೆ ತೆಗೆದು, ಅದರಲ್ಲಿ ಹಾಳಾದವೆಷ್ಟೆಂದು ಪುಸ್ತಕದಲ್ಲಿ ಬರೆದಿಡಬೇಕು. ಹಲವು ಸಲದ ಸರಾಸರಿ 10 ಎಂದಿಟ್ಟುಕೊಳ್ಳೋಣ. ನೂರರಲ್ಲಿ ಹಾಳಾದವು 10, ಒಳ್ಳೆಯವು 90. ಇವೆರಡನ್ನು ಗುಣಿಸಿ 100ರಿಂದ ಭಾಗಿಸಿದರೆ 9. ಅದರ ವರ್ಗಮೂಲ 3. ಅದರ ಮೂರು ಪಟ್ಟು 9. ಸರಾಸರಿಯಿಂದ ಅಷ್ಟು ಕಳೆದರೆ 1, ಕೂಡಿಸಿದರೆ 19. ಶೂಹಾರ್ಟರ ರೀತಿಯಲ್ಲಿ ಇವೇ ಎರಡು ಗಡಿಗಳು. ಒಮ್ಮೆ 6, ಇನ್ನೊಮ್ಮೆ 15 ಬಂದರೆ ಹೊಗಳುವುದಕ್ಕೂ ಇಲ್ಲ, ಬೈಯುವುದಕ್ಕೂ ಇಲ್ಲ. ಅದು ನಮ್ಮ ಪದ್ಧತಿಯ ಸಹಜ ಏರಿಳಿತ. 25 ಬಂದರೆ ಮಾತ್ರ ವಿಶೇಷ ಕಾರಣವನ್ನು ಹುಡುಕಬೇಕು: ಅಕಾಲದಲ್ಲಿ ಮಳೆ ಬಂತೇ, ಗೋಣಿ ತೇವದಲ್ಲಿತ್ತೇ?

ಹಾಗಾದರೆ ಆ ಹತ್ತನ್ನು ಐದಕ್ಕಿಳಿಸುವುದು ಹೇಗೆ? ಬೈಗುಳಿನಿಂದಲ್ಲ, ಪದ್ಧತಿಯನ್ನೇ ಬದಲಾಯಿಸುವುದರಿಂದ. ಹಣ್ಣಡಿಕೆ ಒಣಗಲು 35ರಿಂದ 40 ದಿನಗಳ ಬಿಸಿಲು ಬೇಕು. ಅಷ್ಟು ದಿನ ಹಸಿ ನೆಲದ ಮೇಲೆ ಬಿದ್ದಿದ್ದರೆ ಬೂಷ್ಟು ಬಾರದಿರುತ್ತದೆಯೇ? ಬಲಿಯದ ಕಾಯಿಯನ್ನು ಹಣ್ಣಿನೊಂದಿಗೆ ಕೊಯ್ದರೆ ಅದು ಮುರುಟದಿರುತ್ತದೆಯೇ? ಅಂಗಳಕ್ಕೆ ಸಿಮೆಂಟು ಹಾಕಿಸುವುದು, ಪ್ಲಾಸ್ಟಿಕ್ ಹೊದಿಸಿದ ಸೋಲಾರ್ ಮನೆ ಕಟ್ಟಿಸುವುದು, ಕೊಯ್ಲಿನ ದಿನ ನಿಶ್ಚಯಿಸುವುದು, ಇವೆಲ್ಲ ಯಜಮಾನನ ಕೈಯಲ್ಲಿವೆಯೇ ಹೊರತು ಆಳಿನ ಕೈಯಲ್ಲಿಲ್ಲ. ಆಡಳಿತವೆಂದರೆ ಅಪ್ಪಣೆ ಕೊಡುವುದಷ್ಟೇ ಅಲ್ಲ, ಕೆಲಸ ಸರಿಯಾಗಿ ನಡೆಯುವಂತಹ ವ್ಯವಸ್ಥೆಯನ್ನು ಮಾಡಿಕೊಡುವುದು.

ಈ ವಿಚಾರ ನಮ್ಮ ದೇಶಕ್ಕೆ ಹೊಸದೇನಲ್ಲ. ಮಹಲನೋಬಿಸರ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಹ್ವಾನದಂತೆ ಶೂಹಾರ್ಟರು 1947-48ರಲ್ಲಿಯೇ ಭಾರತಕ್ಕೆ ಬಂದಿದ್ದರು. ಡೆಮಿಂಗ್ ಜಪಾನಿನಲ್ಲಿ ಉಪನ್ಯಾಸ ಕೊಟ್ಟದ್ದು 1950ರಲ್ಲಿ. ಅಲ್ಲಿಯ ಕಾರ್ಖಾನೆಗಳ ಮುಖ್ಯಸ್ಥರು ಕೇಳಿದ್ದನ್ನು ಕೆಲಸಕ್ಕಿಳಿಸಿದರು. 1951ರಲ್ಲಿ ಡೆಮಿಂಗ್ ಹೆಸರಿನಲ್ಲಿ ಬಹುಮಾನವನ್ನೂ ಸ್ಥಾಪಿಸಿದರು. ಯುದ್ಧದಲ್ಲಿ ನೆಲಕಚ್ಚಿದ್ದ ಆ ದೇಶದ ಮಾಲಿಗೆ ಮುಂದೆ ಲೋಕವೆಲ್ಲ ಬೆಲೆ ಕೊಟ್ಟಿತು.

ಹೆಕ್ಕುವ ಕೆಲಸ ಬೇಡವೆಂದಲ್ಲ. ಮಂಡಿಗೆ ಒಯ್ಯುವ ಮೊದಲು ಹೆಕ್ಕಲೇಬೇಕು. ಆದರೆ ಹೆಕ್ಕುವುದರಿಂದ ಆದ ನಷ್ಟ ಬೇರೆ ರಾಶಿಯಾಗುತ್ತದೆಯೇ ವಿನಾ ಕಡಿಮೆಯಾಗುವುದಿಲ್ಲ. ಅಡಿಕೆಯ ಗುಣ ನಿಶ್ಚಯವಾಗುವುದು ಅದಕ್ಕಿಂತ ನಲ್ವತ್ತು ದಿನ ಮೊದಲು, ಕೊಯ್ಲಿನ ದಿನ. ಈ ಸಲ ಯಜಮಾನರು ಆ ಹಳೆಯ ಪ್ರಶ್ನೆಯನ್ನು ಸ್ವಲ್ಪ ತಿದ್ದಿ, "ಯಾರಿಂದ?" ಎಂಬುದರ ಬದಲು "ಯಾತರಿಂದ?" ಎಂದು ಕೇಳಿ ನೋಡಲಿ. ಅದಕ್ಕೆ ಬೇಕಾದದ್ದು ಒಂದು ನೋಟುಪುಸ್ತಕ, ಒಂದು ಪೆನ್ಸಿಲ್. ಲೆಕ್ಕ ಬರೆಯಲು ಆ ಶಾಲೆಯ ಹುಡುಗನೇ ಸಾಕು.